ಎಳೆಯರ ಫುಟ್‌ಬಾಲ್‌ನಲ್ಲಿ ಪ್ರತಿಭಾ ಆಯ್ಕೆ ಮತ್ತು ಅದರ ಸುಧಾರಣೆ

ಮುಂದೆ ವೃತ್ತಿಪರ ಕ್ಲಬ್ಬುಗಳಿಗೂ ದೇಶದ ತಂಡಕ್ಕೂ ಆಡಬಲ್ಲರೆಂದು ತೋರುವ ಮಕ್ಕಳನ್ನು ಎಂಟು-ಒಂಬತ್ತರ ವಯಸ್ಸಿನಲ್ಲೇ ಗುರುತಿಸಿ, ಆರಿಸಿ, ಹದಿನೆಂಟರವರೆಗೆ ವರ್ಷವರ್ಷವೂ ಜರಡಿ ಹಿಡಿಯುವ ವ್ಯವಸ್ಥೆಯನ್ನು ಫುಟ್‌ಬಾಲ್ ಲೋಕದಲ್ಲಿ ಪ್ರತಿಭಾ ಆಯ್ಕೆ ಎನ್ನುತ್ತಾರೆ. ಕ್ಲಬ್ಬುಗಳ ಅಕಾಡೆಮಿ, ರಾಷ್ಟ್ರೀಯ ಫೆಡರೇಷನ್‌ಗಳ ವಯೋಮಿತಿ ತಂಡ, ಸರಕಾರಿ ಕ್ರೀಡಾಶಾಲೆ, ಖಾಸಗಿ ತರಬೇತಿ ಕೇಂದ್ರ ಎಲ್ಲವೂ ಇದರೊಳಗೆ ಬರುತ್ತವೆ. ಆರಿಸುವವರು ಮುಖ್ಯವಾಗಿ ಇಬ್ಬರು: ಮೈದಾನದಿಂದ ಮೈದಾನಕ್ಕೆ ತಿರುಗಿ ಹುಡುಗರನ್ನು ನೋಡುವ ಸ್ಕೌಟ್ ಮತ್ತು ತರಬೇತಿ ಕೊಡುತ್ತಲೇ ಯಾರು ಉಳಿಯಬೇಕು, ಯಾರು ಹೋಗಬೇಕು ಎಂದು ತೀರ್ಮಾನಿಸುವ ಕೋಚ್.

ಈ ವ್ಯವಸ್ಥೆಯನ್ನು ತಿದ್ದಬೇಕೆಂಬ ಕೂಗು 1990ರ ದಶಕದಿಂದ ಬಲವಾಗುತ್ತ ಬಂದಿದೆ. ಹುಡುಗನ ಇವತ್ತಿನ ಮೈಕಟ್ಟನ್ನು ಕಂಡು ಅದನ್ನೇ ನಾಳೆಯ ಆಟವೆಂದು ನಂಬುವುದು ಅದರ ಮೂಲ ದೋಷ. ಸುಧಾರಣೆಗಳು ಎರಡು ದಾರಿ ಹಿಡಿದಿವೆ. ಒಂದು, ಆರಿಸುವವರ ಕಣ್ಣನ್ನು ತಿದ್ದುವುದು. ಇನ್ನೊಂದು, ಆರಿಸುವುದನ್ನೇ ತಡಮಾಡಿ ಹೆಚ್ಚು ಮಕ್ಕಳನ್ನು ಹೆಚ್ಚು ಕಾಲ ಆಟದಲ್ಲಿ ಉಳಿಸಿಕೊಳ್ಳುವುದು. ಮೊದಲನೆಯದಕ್ಕೆ ಹಣ, ಉಪಕರಣ, ಪ್ರಚಾರ ಎಲ್ಲ ಸಿಗುತ್ತವೆ. ಆದರೆ ಈವರೆಗಿನ ಅನುಭವ ನೋಡಿದರೆ ಎರಡನೆಯದರ ಫಲವೇ ಹೆಚ್ಚು ಗಟ್ಟಿ.

ಹುಟ್ಟಿದ ತಿಂಗಳು

ವಯೋಮಿತಿಯ ತಂಡಗಳನ್ನು ಒಂದು ಗಡಿ ದಿನಾಂಕದ ಮೇಲೆ ಕಟ್ಟುತ್ತಾರೆ. ಗಡಿ ಜನವರಿ 1 ಆದರೆ ಜನವರಿಯಲ್ಲಿ ಹುಟ್ಟಿದವನೂ ಅದೇ ವರ್ಷದ ಡಿಸೆಂಬರಿನಲ್ಲಿ ಹುಟ್ಟಿದವನೂ ಒಂದೇ ಗುಂಪಿನಲ್ಲಿ ಆಡಬೇಕು. ಹತ್ತು ವರ್ಷದ ಮಕ್ಕಳಲ್ಲಿ ಹನ್ನೊಂದು ತಿಂಗಳ ಅಂತರವೆಂದರೆ ಬದುಕಿನ ಸುಮಾರು ಹತ್ತನೆಯ ಒಂದು ಪಾಲು. ದೊಡ್ಡವನು ಎತ್ತರ, ವೇಗ, ಹೇಳಿದ್ದನ್ನು ಗ್ರಹಿಸುವ ಶಕ್ತಿ ಎಲ್ಲದರಲ್ಲೂ ಸ್ವಲ್ಪ ಮುಂದಿರುತ್ತಾನೆ. ಆ 'ಸ್ವಲ್ಪ'ವನ್ನೇ ಪ್ರತಿಭೆ ಎಂದು ತಿಳಿದು ಅವನನ್ನು ಆರಿಸುತ್ತಾರೆ. ಆರಿಸಿದ ಮೇಲೆ ಅವನಿಗೆ ಒಳ್ಳೆಯ ಕೋಚ್, ಒಳ್ಳೆಯ ಮೈದಾನ, ಗಟ್ಟಿ ಎದುರಾಳಿಗಳು ಸಿಗುತ್ತಾರೆ. ಹೀಗೆ ಮೊದಲಿದ್ದ ಸಣ್ಣ ಅಂತರ ನಿಜವಾದ ದೊಡ್ಡ ಅಂತರವಾಗುತ್ತದೆ. ಇದನ್ನು ಸಾಪೇಕ್ಷ ವಯಸ್ಸಿನ ಪರಿಣಾಮ ಎನ್ನುತ್ತಾರೆ.

ಕ್ರೀಡೆಯಲ್ಲಿ ಇದನ್ನು ಮೊದಲು ವಿವರವಾಗಿ ತೋರಿಸಿದ್ದು 1980ರ ದಶಕದ ನಡುಭಾಗದಲ್ಲಿ, ಕೆನಡಾದ ಐಸ್ ಹಾಕಿ ಆಟಗಾರರ ಜನ್ಮದಿನಗಳನ್ನು ಪಟ್ಟಿಮಾಡಿದ ರೋಜರ್ ಬಾರ್ನ್ಸ್‌ಲಿ ಮತ್ತು ಅವರ ಸಂಗಡಿಗರು. 1992ರಲ್ಲಿ ಅವರೇ ಫುಟ್‌ಬಾಲ್‌ನಲ್ಲೂ ಇದು ಇದೆಯೆಂದು ತೋರಿಸಿದರು. ಮುಂದೆ ಬೆಲ್ಜಿಯಂನ ವರ್ನರ್ ಹೆಲ್ಸೆನ್ 2005ರಲ್ಲಿ ಯುರೋಪಿನ ಅನೇಕ ದೇಶಗಳ ಕಿರಿಯರ ತಂಡಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ವರ್ಷದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದವರೇ ಎಲ್ಲ ಕಡೆ ತುಂಬಿದ್ದರು.

ಇದರಲ್ಲಿ ನಕ್ಷತ್ರದ ಮಹಿಮೆ, ಋತುವಿನ ಪ್ರಭಾವ ಏನೂ ಇಲ್ಲವೆಂಬುದಕ್ಕೆ ಒಂದು ಸೊಗಸಾದ ಪುರಾವೆ ಬೆಲ್ಜಿಯಂನಲ್ಲೇ ಸಿಕ್ಕಿತು. 1997ರವರೆಗೆ ಅಲ್ಲಿನ ಗಡಿ ದಿನಾಂಕ ಆಗಸ್ಟ್ 1 ಇತ್ತು. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಹುಟ್ಟಿದ ಹುಡುಗರು ಆಯ್ಕೆಯಾಗುತ್ತಿದ್ದರು. ಆ ವರ್ಷ ಗಡಿಯನ್ನು ಜನವರಿ 1ಕ್ಕೆ ಸರಿಸಿದರು. ಆಯ್ಕೆಯಾಗುವವರು ತಕ್ಷಣವೇ ಜನವರಿ, ಫೆಬ್ರವರಿಯಲ್ಲಿ ಹುಟ್ಟಿದವರಾದರು. ಹುಡುಗರು ಅವರೇ, ದೇಶ ಅದೇ, ಕೋಚ್‌ಗಳು ಅವರೇ. ಕಚೇರಿಯ ಒಂದು ಸುತ್ತೋಲೆ ಬದಲಾದದ್ದಕ್ಕೆ ಪ್ರತಿಭಾವಂತರೂ ಬದಲಾದರು. ಈ ಕ್ಷೇತ್ರದಲ್ಲಿ ಇಷ್ಟು ನೇರವಾಗಿ ಮಾತಾಡುವ ಸಾಕ್ಷ್ಯ ಅಪರೂಪ.

ಇಂಗ್ಲೆಂಡಿನಲ್ಲಿ ಅಕಾಡೆಮಿಗಳೂ ಶಾಲೆಗಳಂತೆ ಸೆಪ್ಟೆಂಬರ್ 1ರ ಗಡಿಯನ್ನು ಅನುಸರಿಸುತ್ತವೆ. ಹಾಗಾಗಿ ಅಲ್ಲಿ ಬೇಸಿಗೆಯಲ್ಲಿ ಹುಟ್ಟಿದ ಮಕ್ಕಳು ತರಗತಿಯಲ್ಲೂ ತಂಡದಲ್ಲೂ ಎಲ್ಲರಿಗಿಂತ ಕಿರಿಯರು. ಹ್ಯಾರಿ ಕೇನ್ ಹುಟ್ಟಿದ್ದು 1993ರ ಜುಲೈ 28ರಂದು. ಎಂಟನೆಯ ವಯಸ್ಸಿಗೆ ಆರ್ಸೆನಲ್ ಸೇರಿದ ಅವನನ್ನು ಒಂದು ವರ್ಷದಲ್ಲೇ ಬಿಟ್ಟುಬಿಟ್ಟರು. ನಂತರ ಟಾಟನ್‌ಹ್ಯಾಮ್ ಅವನನ್ನು ತೆಗೆದುಕೊಂಡಿತು, ತಡವಾಗಿ ಬೆಳೆಯಲು ಬಿಟ್ಟಿತು. ಅವನು ಇಂಗ್ಲೆಂಡ್ ತಂಡದ ಸಾರ್ವಕಾಲಿಕ ಗೋಲು ದಾಖಲೆಯ ಒಡೆಯನಾದ. ಕೇನ್‌ಗೆ ಎರಡನೆಯ ಬಾಗಿಲು ತೆರೆಯಿತು. ತೆರೆಯದೆ ಹೋದವರ ಹೆಸರುಗಳು ಯಾವ ದಾಖಲೆಯಲ್ಲೂ ಇರುವುದಿಲ್ಲ, ಆದ್ದರಿಂದಲೇ ಈ ನಷ್ಟವನ್ನು ಅಳೆಯುವುದು ಕಷ್ಟ.

ತಡವಾಗಿ ಹುಟ್ಟಿಯೂ ಅಕಾಡೆಮಿಯೊಳಗೆ ಉಳಿದುಕೊಂಡ ಕೆಲವರು, ಅದೇ ಅಕಾಡೆಮಿಯ ದೊಡ್ಡ ಹುಡುಗರಿಗಿಂತ ಹೆಚ್ಚಿನ ಪ್ರಮಾಣದಲ್ಲಿ ವೃತ್ತಿಪರ ಒಪ್ಪಂದದವರೆಗೆ ತಲುಪುತ್ತಾರೆಂದು ಕೆಲವು ಅಧ್ಯಯನಗಳು ಕಂಡುಕೊಂಡಿವೆ. ಮೈಬಲ ಸಾಲದಿದ್ದುದರಿಂದ ಅವರು ಚೆಂಡಿನ ಮೊದಲ ಸ್ಪರ್ಶ, ಜಾಗ ಹುಡುಕುವ ಬುದ್ಧಿ, ಸೋತರೂ ಮರಳುವ ಛಲ ಇವನ್ನು ಬೆಳೆಸಿಕೊಳ್ಳಲೇಬೇಕಾಯಿತು ಎಂಬುದು ಇದಕ್ಕೆ ಕೊಡುವ ವಿವರಣೆ. ಇದನ್ನೇ ಹಿಡಿದು 'ಕಷ್ಟ ಬಿದ್ದವನು ಮೇಲೆ ಬರುತ್ತಾನೆ, ವ್ಯವಸ್ಥೆ ಹೀಗೇ ಇರಲಿ' ಎನ್ನುವವರಿದ್ದಾರೆ. ಅವರ ಲೆಕ್ಕದಲ್ಲಿ ಒಳಗೆ ಬರಲೇ ಆಗದವರು ಸೇರಿಲ್ಲ.

ವಯಸ್ಸು ಬೇರೆ, ಬೆಳವಣಿಗೆ ಬೇರೆ

ಜನ್ಮದಿನದ ತೊಡಕನ್ನೂ ಮೈ ಬೆಳೆಯುವ ವೇಗದ ತೊಡಕನ್ನೂ ಒಂದೇ ಎಂದು ಭಾವಿಸುವುದು ಸಾಮಾನ್ಯ. ಎರಡೂ ಬೇರೆ. ಡಿಸೆಂಬರಿನಲ್ಲಿ ಹುಟ್ಟಿದ ಹುಡುಗ ಹನ್ನೆರಡಕ್ಕೇ ಮೀಸೆ ಚಿಗುರಿಸಿ ಬೆಳೆದು ನಿಂತಿರಬಹುದು. ಜನವರಿಯವನು ಹದಿನೈದಾದರೂ ಸಣಕಲಾಗಿರಬಹುದು. ಹುಡುಗರಲ್ಲಿ ಎತ್ತರ ಅತ್ಯಂತ ವೇಗವಾಗಿ ಏರುವ ಕಾಲ ಸರಾಸರಿ ಹದಿನಾಲ್ಕರ ಆಸುಪಾಸು, ಹುಡುಗಿಯರಲ್ಲಿ ಹನ್ನೆರಡರ ಆಸುಪಾಸು. ಆದರೆ ಇದು ಸರಾಸರಿ ಮಾತ್ರ. ಹದಿಮೂರು ವರ್ಷದ ಹುಡುಗರ ಒಂದು ತಂಡವನ್ನು ನಿಲ್ಲಿಸಿ ಮೂಳೆಯ ವಯಸ್ಸು ಅಳೆದರೆ ನಾಲ್ಕೈದು ವರ್ಷಗಳ ಅಂತರ ಕಾಣುವುದು ಅಪರೂಪವಲ್ಲ. ಜನ್ಮದಿನದ ಪಕ್ಷಪಾತ ಎಂಟು-ಒಂಬತ್ತರ ಮಕ್ಕಳಲ್ಲೇ ಕಾಣಿಸುತ್ತದೆ. ಬೆಳವಣಿಗೆಯ ಪಕ್ಷಪಾತ ಹನ್ನೊಂದು-ಹನ್ನೆರಡರಿಂದ ಶುರುವಾಗಿ ಹದಿನೈದರ ಹೊತ್ತಿಗೆ ಏರುತ್ತದೆ. ಮೊದಲನೆಯದಕ್ಕೆ ಕಂಡುಕೊಂಡ ಮದ್ದು ಎರಡನೆಯದಕ್ಕೆ ಹತ್ತುವುದಿಲ್ಲ.

ಸರ್ಬಿಯಾದಲ್ಲಿ ಹದಿನಾಲ್ಕರ ಹುಡುಗರನ್ನು ಎಂಟು ವರ್ಷ ಹಿಂಬಾಲಿಸಿ ನೋಡಿದ ಒಂದು ಅಧ್ಯಯನದಲ್ಲಿ, ಬೇಗ ಬೆಳೆದವರಿಗಿಂತ ತಡವಾಗಿ ಬೆಳೆದವರೇ ಮೇಲಿನ ಮಟ್ಟದ ಫುಟ್‌ಬಾಲ್‌ಗೆ ಹೆಚ್ಚಾಗಿ ತಲುಪಿದ್ದರು. ಹದಿನಾಲ್ಕರಲ್ಲಿ ಭುಜದ ಬಲದಿಂದ ಗೆದ್ದವನಿಗೆ ಇಪ್ಪತ್ತೆರಡರಲ್ಲಿ ಆ ಬಲ ಎಲ್ಲರಿಗೂ ಇರುವುದು ಗೊತ್ತಾಗುತ್ತದೆ. ಬೇಗ ಬೆಳೆದ ಹುಡುಗನಿಗೂ ಈ ವ್ಯವಸ್ಥೆ ನ್ಯಾಯ ಮಾಡುವುದಿಲ್ಲವೆಂಬುದನ್ನು ಮರೆಯಬಾರದು. ಗಟ್ಟಿಮುಟ್ಟಾದ ಹನ್ನೆರಡರ ಹುಡುಗನನ್ನು ಡಿಫೆನ್ಸ್‌ನ ನಡುವೆ ನಿಲ್ಲಿಸಿ ಚೆಂಡನ್ನು ದೂರ ಒದೆಯಲು ಹೇಳುತ್ತಾರೆ. ಡ್ರಿಬ್ಲಿಂಗ್ ಕಲಿಯುವ ವಯಸ್ಸು ಹಾಗೇ ಕಳೆದುಹೋಗುತ್ತದೆ. ಹದಿನೇಳಕ್ಕೆ ಉಳಿದವರೆಲ್ಲ ಅವನ ಎತ್ತರಕ್ಕೆ ಬಂದಾಗ ಅವನ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಇದಕ್ಕೆ ಪರಿಹಾರವಾಗಿ ಬಂದದ್ದು ಬಯೋ-ಬ್ಯಾಂಡಿಂಗ್. ಮಕ್ಕಳನ್ನು ಹುಟ್ಟಿದ ವರ್ಷದಿಂದ ಗುಂಪು ಮಾಡದೆ, ದೊಡ್ಡವರಾದಾಗ ಮುಟ್ಟಲಿರುವ ಎತ್ತರದಲ್ಲಿ ಈಗ ಶೇಕಡಾ ಎಷ್ಟು ಮುಟ್ಟಿದ್ದಾರೆ ಎಂಬುದರಿಂದ ಗುಂಪು ಮಾಡುವುದು ಇದರ ತಿರುಳು. ಮುಂದಿನ ಎತ್ತರವನ್ನು ಅಂದಾಜಿಸಲು ಖಾಮಿಸ್-ರೋಚ್ ಸೂತ್ರವನ್ನು (1994) ಬಳಸುತ್ತಾರೆ; ಅದಕ್ಕೆ ಮಗುವಿನ ವಯಸ್ಸು, ಎತ್ತರ, ತೂಕ ಮತ್ತು ತಂದೆತಾಯಿಯ ಎತ್ತರ ಸಾಕು, ಎಕ್ಸ್‌ರೇ ಬೇಡ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್, ಬಾತ್ ವಿಶ್ವವಿದ್ಯಾಲಯದ ಶಾನ್ ಕಮಿಂಗ್ ಮೊದಲಾದವರ ನೆರವಿನಿಂದ ಇಂಥ ಟೂರ್ನಿ ನಡೆಸಿತು. 11ರಿಂದ 14 ವರ್ಷದೊಳಗಿನ, ಕೊನೆಯ ಎತ್ತರದ ಶೇ. 85ರಿಂದ 90ರಷ್ಟು ಮುಟ್ಟಿದ್ದ ಹುಡುಗರು ಅದರಲ್ಲಿ ಆಡಿದರು. ಆಮೇಲೆ ಅವರನ್ನೇ ಮಾತಾಡಿಸಿದಾಗ ಹೊರಬಂದ ಉತ್ತರಗಳು ಬೆಲೆಯುಳ್ಳವು. ಬೇಗ ಬೆಳೆದವರು, ಇಲ್ಲಿ ಮೈಬಲ ನಡೆಯಲಿಲ್ಲ, ಬೇಗ ಯೋಚಿಸಿ ಪಾಸ್ ಕೊಡಬೇಕಾಯಿತು ಎಂದರು. ತಡವಾಗಿ ಬೆಳೆಯುತ್ತಿದ್ದವರು, ಮೊದಲ ಬಾರಿ ಚೆಂಡು ಹಿಡಿದು ಆಟ ನಡೆಸಲು ಸಾಧ್ಯವಾಯಿತು, ತಂಡಕ್ಕೆ ದಾರಿ ತೋರಿಸಲು ಸಾಧ್ಯವಾಯಿತು ಎಂದರು.

ಬಯೋ-ಬ್ಯಾಂಡಿಂಗ್ ವಯೋಮಿತಿಯ ಆಟಕ್ಕೆ ಬದಲಿಯಲ್ಲ, ಪೂರಕ ಮಾತ್ರ ಎಂದು ಅದನ್ನು ರೂಪಿಸಿದವರೇ ಹೇಳುತ್ತಾರೆ. ಖಾಮಿಸ್-ರೋಚ್ ಸೂತ್ರ ಅಮೆರಿಕದ ಬಿಳಿಯ ಮಕ್ಕಳ ಅಳತೆಗಳಿಂದ ಕಟ್ಟಿದ್ದು. ಮಣಿಪುರದ ಅಥವಾ ಕಲಬುರಗಿಯ ಹುಡುಗನಿಗೆ ಅದನ್ನು ಹಾಗೇ ಹಚ್ಚಿದರೆ ಅಂದಾಜು ತಪ್ಪುವ ಸಂಭವವಿದೆ. ತಂದೆತಾಯಿ ತಮ್ಮ ಎತ್ತರವನ್ನು ಬಾಯಲ್ಲಿ ಹೇಳುವಾಗ ಒಂದಿಷ್ಟು ಸೇರಿಸಿಯೇ ಹೇಳುತ್ತಾರೆಂಬುದೂ ಲೆಕ್ಕಕ್ಕೆ ಬರಬೇಕು.

ಸ್ಕೌಟ್‌ನ ಕಣ್ಣು

ನೂರಾರು ಪಂದ್ಯ ನೋಡಿ ಪಳಗಿದ ಸ್ಕೌಟ್‌ಗೆ 'ಕಂಡ ಕೂಡಲೇ ಗೊತ್ತಾಗುತ್ತದೆ' ಎಂಬ ಆತ್ಮವಿಶ್ವಾಸವಿರುತ್ತದೆ. ಆ ಅನುಭವವನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಮಾಹಿತಿ ಕೊಟ್ಟ ಮಾತ್ರಕ್ಕೆ ಕಣ್ಣು ತಿದ್ದಿಕೊಳ್ಳುವುದಿಲ್ಲ ಎಂಬುದನ್ನು ನೆದರ್‌ಲ್ಯಾಂಡ್ಸ್‌ನ ಡೇವಿಡ್ ಮ್ಯಾನ್ ಮತ್ತು ಪ್ಲಯೂನ್ ವಾನ್ ಗಿನ್ನೆಕನ್ 2017ರಲ್ಲಿ ಪ್ರಕಟಿಸಿದ ಪ್ರಯೋಗ ತೋರಿಸಿತು. ಸ್ಕೌಟ್‌ಗಳಿಗೆ ಚಿಕ್ಕ ಹುಡುಗರ ಪಂದ್ಯಗಳನ್ನು ತೋರಿಸಿ ಅಂಕ ಹಾಕಲು ಹೇಳಿದರು. ಕೆಲವರಿಗೆ ವಯಸ್ಸಿನ ವಿವರ ಏನೂ ಇಲ್ಲ. ಕೆಲವರಿಗೆ ಜನ್ಮದಿನಗಳ ಪಟ್ಟಿ ಕೈಗೆ ಕೊಟ್ಟರು. ಇನ್ನು ಕೆಲವರಿಗೆ, ಹುಡುಗರ ಅಂಗಿಯ ಸಂಖ್ಯೆಯೇ ಅವರ ವಯಸ್ಸಿನ ಕ್ರಮದಲ್ಲಿದೆ ಎಂದು ತಿಳಿಸಿದರು. ಪಟ್ಟಿ ಹಿಡಿದವರು ಏನೂ ಇಲ್ಲದವರಷ್ಟೇ ದೊಡ್ಡ ಹುಡುಗರ ಕಡೆ ವಾಲಿದರು. ಅಂಗಿಯ ಮೇಲೆ ಸಂಖ್ಯೆ ಕಂಡವರಲ್ಲಿ ಮಾತ್ರ ಆ ಒಲವು ಅಳಿಯಿತು. ಹುಡುಗ ಓಡುತ್ತಿರುವ ಕ್ಷಣದಲ್ಲಿ, ಅವನ ಬೆನ್ನ ಮೇಲೇ ವಯಸ್ಸು ಕಾಣಬೇಕು. ಕಡತದಲ್ಲಿ ಇದ್ದರೆ ಅದು ಇಲ್ಲದಂತೆಯೇ. ಇಷ್ಟು ಅಗ್ಗದ, ಇಷ್ಟು ಸರಳವಾದ ಸುಧಾರಣೆ ಇಂದಿಗೂ ವ್ಯಾಪಕವಾಗಿ ಬಳಕೆಗೆ ಬಾರದಿರುವುದು ವಿಷಾದದ ಸಂಗತಿ.

ಕೆಲವು ಕ್ಲಬ್ಬುಗಳು ಆಟದ ಗುಣಗಳನ್ನು ಬಿಡಿಬಿಡಿಯಾಗಿ ಬರೆದು ಅಂಕ ಕೊಡುವ ಪದ್ಧತಿ ತಂದಿವೆ. ನೆದರ್‌ಲ್ಯಾಂಡ್ಸ್‌ನ ಆಯಕ್ಸ್ ಕ್ಲಬ್ ಬಹುಕಾಲ ಬಳಸಿದ ಸೂತ್ರದಲ್ಲಿ ಚೆಂಡಿನ ಕೌಶಲ, ಆಟದ ಒಳನೋಟ, ವ್ಯಕ್ತಿತ್ವ, ವೇಗ ಎಂಬ ನಾಲ್ಕು ಅಂಶಗಳಿದ್ದವು. ಮೈಕಟ್ಟು ಅದರಲ್ಲಿ ಇಲ್ಲದಿರುವುದನ್ನು ಗಮನಿಸಬೇಕು. ಓಟದ ಸಮಯ, ಜಿಗಿತದ ಎತ್ತರ ಅಳೆಯುವ ಪರೀಕ್ಷೆಗಳು ನಿಖರವಾಗಿ ಕಂಡರೂ, ಹದಿಹರೆಯದಲ್ಲಿ ಅವು ಬಹುಪಾಲು ಅಳೆಯುವುದು ಬೆಳವಣಿಗೆಯನ್ನೇ. ಅಂಕಿಯಲ್ಲಿ ಬಂದ ಮಾತ್ರಕ್ಕೆ ಹಳೆಯ ಪಕ್ಷಪಾತ ಹೊಸ ಜ್ಞಾನವಾಗುವುದಿಲ್ಲ.

ಜರ್ಮನಿ ಮತ್ತು ಬೆಲ್ಜಿಯಂ

2000ದ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಜರ್ಮನಿ ಒಂದೇ ಒಂದು ಅಂಕ ಪಡೆದು ಗುಂಪಿನ ಕೊನೆಯಲ್ಲಿ ನಿಂತಿತು. ಆ ಅವಮಾನದ ಬೆನ್ನಲ್ಲೇ ಬುಂಡೆಸ್‌ಲಿಗಾದ ಕ್ಲಬ್ಬುಗಳು ಕಿರಿಯರ ತರಬೇತಿ ಕೇಂದ್ರ ನಡೆಸುವುದು ಪರವಾನಗಿಯ ಷರತ್ತಾಯಿತು. 2002ರಲ್ಲಿ ಫೆಡರೇಷನ್ ದೇಶದಾದ್ಯಂತ ಸುಮಾರು 390 ನೆಲೆಗಳನ್ನು ತೆರೆಯಿತು. ಸಣ್ಣ ಊರಿನ ಕ್ಲಬ್ಬಿನಲ್ಲಿ ಆಡುವ ಮಕ್ಕಳು ತಮ್ಮ ಕ್ಲಬ್ ಬಿಡದೆ ವಾರಕ್ಕೊಮ್ಮೆ ಇಲ್ಲಿಗೆ ಬಂದು ಹೆಚ್ಚಿನ ತರಬೇತಿ ಪಡೆಯಬಹುದಿತ್ತು. ಸ್ಕೌಟ್ ಹೋಗದ ಹಳ್ಳಿಗೆ ಕೋಚ್ ಹೋಗುವಂತೆ ಮಾಡಿದ್ದು ಈ ಯೋಜನೆಯ ಹೆಚ್ಚುಗಾರಿಕೆ. 2009ರಲ್ಲಿ 21 ವರ್ಷದೊಳಗಿನವರ ಯುರೋಪಿಯನ್ ಪ್ರಶಸ್ತಿ ಗೆದ್ದ ತಂಡದ ನೋಯರ್, ಬೋಟೆಂಗ್, ಹುಮ್ಮೆಲ್ಸ್, ಖೆದೀರಾ, ಓಝಿಲ್, ಹೋವೆಡೆಸ್ 2014ರಲ್ಲಿ ವಿಶ್ವಕಪ್ ಎತ್ತಿದ ತಂಡದಲ್ಲೂ ಇದ್ದರು.

ಆದರೂ ಜರ್ಮನ್ ಅಕಾಡೆಮಿಗಳಲ್ಲಿ ಜನ್ಮದಿನದ ಪಕ್ಷಪಾತ ಹೋಗಲಿಲ್ಲ. ಸಂಶೋಧಕ ಅರ್ನೆ ಗ್ಯೂಲಿಖ್ 2014ರಲ್ಲಿ ತೋರಿಸಿದಂತೆ ಈ ಅಕಾಡೆಮಿಗಳಲ್ಲಿ ಪ್ರತಿವರ್ಷ ಸುಮಾರು ಕಾಲುಭಾಗ ಆಟಗಾರರು ಬದಲಾಗುತ್ತಿದ್ದರು. ಚಿಕ್ಕಂದಿನಲ್ಲಿ ಆರಿಸಿದವರನ್ನೇ ಕೊನೆಯವರೆಗೆ ಬೆಳೆಸಿ ಜರ್ಮನಿ ಗೆದ್ದಿತೆಂಬ ಜನಪ್ರಿಯ ಕಥೆ ಹೀಗೆ ಸುಳ್ಳಾಗುತ್ತದೆ. ಮೇಲೆ ತಲುಪಿದವರಲ್ಲಿ ಅನೇಕರು ನಡುವೆ ಬೇರೆ ಬೇರೆ ವಯಸ್ಸಿನಲ್ಲಿ ಬಂದು ಸೇರಿದವರು. ವ್ಯವಸ್ಥೆಯ ಬಲವಿದ್ದದ್ದು ಮೊದಲ ಆಯ್ಕೆಯ ನಿಖರತೆಯಲ್ಲಿ ಅಲ್ಲ, ಬಾಗಿಲು ಮತ್ತೆ ಮತ್ತೆ ತೆರೆದದ್ದರಲ್ಲಿ. 2018 ಮತ್ತು 2022ರ ವಿಶ್ವಕಪ್‌ಗಳಲ್ಲಿ ಮೊದಲ ಸುತ್ತಿನಲ್ಲೇ ಹೊರಬಿದ್ದ ಮೇಲೆ ಮತ್ತೊಂದು ಸುತ್ತಿನ ಸುಧಾರಣೆ ಬಂತು. 2024-25ರಿಂದ ಚಿಕ್ಕ ಮಕ್ಕಳ ಆಟ ಸಣ್ಣ ಮೈದಾನ, ಕಡಿಮೆ ಆಟಗಾರರು, ಅಂಕಪಟ್ಟಿಯಿಲ್ಲದ ಪಂದ್ಯಗಳಿಗೆ ತಿರುಗಿತು. ಹದಿಹರೆಯದವರ ಉನ್ನತ ಲೀಗಿನಲ್ಲೂ ಕೆಳದರ್ಜೆಗೆ ಇಳಿಯುವ ಭಯವನ್ನು ತೆಗೆದರು. ಭಯವಿದ್ದಲ್ಲಿ ಕೋಚ್ ಈ ಶನಿವಾರ ಗೆಲ್ಲಿಸುವ ದೊಡ್ಡ ಹುಡುಗನನ್ನೇ ಆಡಿಸುತ್ತಾನೆ.

ಬೆಲ್ಜಿಯಂನ ದಾರಿ ಇನ್ನೂ ದಿಟ್ಟವಾದದ್ದು. ಫೆಡರೇಷನ್ನಿನ ತಾಂತ್ರಿಕ ನಿರ್ದೇಶಕ ಮಿಷೆಲ್ ಸಬ್ಲೋ ಅವರ ಕಾಲದಲ್ಲಿ ವಿಶ್ವವಿದ್ಯಾಲಯದ ನೆರವಿನಿಂದ ಮಕ್ಕಳ ಸುಮಾರು 1,500 ಪಂದ್ಯಗಳನ್ನು ಚಿತ್ರೀಕರಿಸಿ ಪರಿಶೀಲಿಸಿದರು. ದೊಡ್ಡ ತಂಡಗಳಾಗಿ ಆಡುವಾಗ ಅನೇಕ ಮಕ್ಕಳ ಕಾಲಿಗೆ ಚೆಂಡೇ ಸಿಗುತ್ತಿರಲಿಲ್ಲ, ಕೋಚ್‌ಗಳ ಗಮನವೆಲ್ಲ ಗೆಲುವಿನ ಮೇಲಿತ್ತು. ಆಗ ಅತಿ ಕಿರಿಯರಿಗೆ ಎರಡಕ್ಕೆ ಎರಡು, ಮುಂದೆ ಐದಕ್ಕೆ ಐದು, ಎಂಟಕ್ಕೆ ಎಂಟು ಎಂಬ ಮೆಟ್ಟಿಲುಗಳನ್ನು ತಂದರು. ಪುಟ್ಟ ಮಕ್ಕಳ ಲೀಗುಗಳ ಅಂಕಪಟ್ಟಿಯನ್ನು ತೆಗೆದುಹಾಕಿದರು. ಇದರ ಜೊತೆಗೇ, ತಡವಾಗಿ ಬೆಳೆಯುವ ಹುಡುಗರಿಗೆಂದೇ ಇನ್ನೊಂದು ರಾಷ್ಟ್ರೀಯ ಕಿರಿಯರ ತಂಡವನ್ನು ಕಟ್ಟಿದರು. 'ಭವಿಷ್ಯದ ತಂಡ' ಎಂದು ಕರೆಯಬಹುದಾದ ಈ ಏರ್ಪಾಟಿನಲ್ಲಿ ಸಣಕಲು ಹುಡುಗನೂ ದೇಶದ ಅಂಗಿ ತೊಟ್ಟು, ಹೊರದೇಶದ ತಂಡದೆದುರು ಆಡಿ, ಬೆಳೆಯುವವರೆಗೆ ಕಾಯಬಹುದು. ಸುಮಾರು ಒಂದು ಕೋಟಿ ಹದಿನೈದು ಲಕ್ಷ ಜನರ ಆ ದೇಶ 2018ರ ವಿಶ್ವಕಪ್‌ನಲ್ಲಿ ಮೂರನೆಯ ಸ್ಥಾನ ಪಡೆಯಿತು. ಗೆಲುವಿಗೆ ಹಲವು ಕಾರಣಗಳಿರುತ್ತವೆ, ನಿಜ. ಆದರೆ ಚಿಕ್ಕ ದೇಶಕ್ಕೆ ಒಬ್ಬ ಹುಡುಗನನ್ನೂ ವ್ಯರ್ಥ ಮಾಡಿಕೊಳ್ಳುವ ಅನುಕೂಲವಿಲ್ಲವೆಂಬ ತಿಳಿವಳಿಕೆಯಿಂದ ಹೊರಟ ಯೋಜನೆ ಇದು.

ಇಂಗ್ಲೆಂಡ್

ಫೆಡರೇಷನ್ನಿನ ತಾಂತ್ರಿಕ ನಿರ್ದೇಶಕ ಹೋವರ್ಡ್ ವಿಲ್ಕಿನ್ಸನ್ ಅವರ ವರದಿಯನ್ನು ಅನುಸರಿಸಿ 1998ರಲ್ಲಿ ಇಂಗ್ಲಿಷ್ ಕ್ಲಬ್ಬುಗಳು ಅಕಾಡೆಮಿಗಳನ್ನು ಆರಂಭಿಸಿದವು. 2012ರಲ್ಲಿ ಬಂದ ಶ್ರೇಷ್ಠ ಆಟಗಾರರ ಸಾಧನಾ ಯೋಜನೆ (ಇಪಿಪಿಪಿ) ಅವನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿತು. ತರಬೇತಿಯ ಗಂಟೆ, ಸಿಬ್ಬಂದಿ, ಶಿಕ್ಷಣದ ವ್ಯವಸ್ಥೆ ಎಲ್ಲಕ್ಕೂ ಮಾನದಂಡ ಗೊತ್ತುಮಾಡಿತು. ಮನೆಯಿಂದ ಒಂದೂವರೆ ಗಂಟೆಯ ಪ್ರಯಾಣದೊಳಗಿನ ಮಕ್ಕಳನ್ನಷ್ಟೇ ಸೇರಿಸಿಕೊಳ್ಳಬೇಕೆಂಬ ಹಳೆಯ ನಿಯಮ ಉನ್ನತ ದರ್ಜೆಯ ಅಕಾಡೆಮಿಗಳಿಗೆ ಸಡಿಲವಾಯಿತು. ದೊಡ್ಡ ಕ್ಲಬ್ ಸಣ್ಣ ಕ್ಲಬ್ಬಿನಿಂದ ಹುಡುಗನನ್ನು ಒಯ್ದರೆ ಕೊಡಬೇಕಾದ ಪರಿಹಾರ ಮೊದಲೇ ನಿಗದಿಯಾಯಿತು. ಇದರಿಂದ ದೊಡ್ಡವರಿಗೆ ಪ್ರತಿಭೆ ಅಗ್ಗವಾಯಿತೆಂಬ ದೂರು ಸಣ್ಣ ಕ್ಲಬ್ಬುಗಳದು, ಆ ದೂರಿನಲ್ಲಿ ಹುರುಳಿದೆ. 2016ರಲ್ಲಿ ಬ್ರೆಂಟ್‌ಫರ್ಡ್ ತನ್ನ ಅಕಾಡೆಮಿಯನ್ನೇ ಮುಚ್ಚಿ, ದೊಡ್ಡ ಕ್ಲಬ್ಬುಗಳು ಹದಿನೇಳು-ಹದಿನೆಂಟರಲ್ಲಿ ಕೈಬಿಟ್ಟ ಹುಡುಗರನ್ನು ಹೆಕ್ಕಿ ಒಂದು 'ಬಿ' ತಂಡ ಕಟ್ಟಿತು. ಮುಂದೆ ಅಕಾಡೆಮಿ ಮತ್ತೆ ತೆರೆಯಿತಾದರೂ, ತಿರಸ್ಕೃತರಲ್ಲಿ ಎಷ್ಟು ಸತ್ವ ಉಳಿದಿರುತ್ತದೆ ಎಂಬುದನ್ನು ಆ ಕೆಲವು ವರ್ಷಗಳು ತೋರಿಸಿಕೊಟ್ಟವು.

ಇಪಿಪಿಪಿ ಯೋಜನೆಯ ಫಲವೆಂದು ಕೊಂಡಾಡುವ ಗೆಲುವೊಂದು ನಡೆದದ್ದು ಭಾರತದ ನೆಲದಲ್ಲಿ. 2017ರ ಅಕ್ಟೋಬರ್ 28ರಂದು ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ 17 ವರ್ಷದೊಳಗಿನವರ ವಿಶ್ವಕಪ್ ಫೈನಲ್‌ನಲ್ಲಿ ಇಂಗ್ಲೆಂಡ್ ಸ್ಪೇನನ್ನು 5-2ರಿಂದ ಸೋಲಿಸಿತು. ಟೂರ್ನಿಯ ಶ್ರೇಷ್ಠ ಆಟಗಾರನಾದ ಫಿಲ್ ಫೋಡನ್ ಬೇಸಿಗೆಯ ಮೇ ತಿಂಗಳಲ್ಲಿ ಹುಟ್ಟಿದವನು, ಸಣ್ಣ ಮೈಯವನು.

ಇಂಗ್ಲಿಷ್ ಅಕಾಡೆಮಿಗಳಲ್ಲಿ ಯಾವಾಗಲೂ ಹತ್ತು ಸಾವಿರಕ್ಕೂ ಹೆಚ್ಚು ಹುಡುಗರಿರುತ್ತಾರೆ. ಅವರಲ್ಲಿ ಪ್ರೀಮಿಯರ್ ಲೀಗ್ ಆಡುವವರು ಬೆರಳೆಣಿಕೆಯಷ್ಟು. ಒಂಬತ್ತರಿಂದ ಹದಿನೆಂಟರವರೆಗೆ ಕ್ಲಬ್ಬಿನ ಅಂಗಿಯಲ್ಲೇ ಬೆಳೆದವನಿಗೆ ಒಂದು ದಿನ ಕೋಣೆಗೆ ಕರೆದು 'ನಿನ್ನನ್ನು ಉಳಿಸಿಕೊಳ್ಳುತ್ತಿಲ್ಲ' ಎನ್ನುತ್ತಾರೆ. ಅವನ ಗೆಳೆತನ, ದಿನಚರಿ, ತನ್ನ ಬಗ್ಗೆ ತನಗಿರುವ ಚಿತ್ರ ಎಲ್ಲ ಆ ಕೋಣೆಯಲ್ಲೇ ಮುಗಿಯುತ್ತವೆ. ಕೈಬಿಟ್ಟವರ ಮನಸ್ಸಿನ ಆರೋಗ್ಯದ ಹೊಣೆ ಯಾರದು ಎಂಬ ಪ್ರಶ್ನೆಗೆ ಬಹುಕಾಲ ಉತ್ತರವಿರಲಿಲ್ಲ. ಕ್ರಿಸ್ಟಲ್ ಪ್ಯಾಲೇಸ್ ಕ್ಲಬ್ ಹೀಗೆ ಹೊರಹೋದ ಯುವಕರನ್ನು ಮೂರು ವರ್ಷ ಸಂಪರ್ಕದಲ್ಲಿಟ್ಟುಕೊಂಡು ಓದು, ಉದ್ಯೋಗ, ಮನೋಬಲಕ್ಕೆ ನೆರವಾಗುವ ಕಾರ್ಯಕ್ರಮ ಆರಂಭಿಸಿತು. ಆಯ್ಕೆಯ ಸುಧಾರಣೆಯ ಚರ್ಚೆಯಲ್ಲಿ ಇದನ್ನು ಕೊನೆಯ ಸಾಲಿಗೆ ತಳ್ಳುವುದು ತಪ್ಪು. ಮಕ್ಕಳನ್ನು ಆರಿಸುವ ಸಂಸ್ಥೆ ಉಳಿಸಿಕೊಂಡವರಿಗಿಂತ ಹೆಚ್ಚು ಮಂದಿಯನ್ನು ಬಿಡುತ್ತದೆ. ಬಿಡುವ ರೀತಿಯೇ ಅದರ ಮುಖ್ಯ ಕೆಲಸ.

ತಡವಾಗಿ ಆರಿಸುವ ದೇಶಗಳು

ನಾರ್ವೆಯಲ್ಲಿ ಮಕ್ಕಳ ಕ್ರೀಡೆಗೆ ಹಕ್ಕುಗಳ ಸಂಹಿತೆಯೇ ಇದೆ. ಮಕ್ಕಳು ಹನ್ನೊಂದು ವರ್ಷ ಮುಟ್ಟುವವರೆಗೆ ಅಂಕಪಟ್ಟಿ, ಶ್ರೇಯಾಂಕ ಪ್ರಕಟಿಸುವಂತಿಲ್ಲ. ರಾಷ್ಟ್ರೀಯ ಚಾಂಪಿಯನ್‌ಷಿಪ್ ಇನ್ನೂ ಆಮೇಲೆ. ಎರ್ಲಿಂಗ್ ಹಾಲಂಡ್ ಬೆಳೆದ ಬ್ರೀನೆ ಎಂಬ ಸಣ್ಣ ಪಟ್ಟಣದ ಕ್ಲಬ್ಬಿನಲ್ಲಿ ಸುಮಾರು ನಲವತ್ತು ಮಕ್ಕಳ ಗುಂಪೊಂದನ್ನು ಯಾರನ್ನೂ ಕಳಚದೆ ವರ್ಷಗಟ್ಟಲೆ ಒಟ್ಟಿಗೆ ಆಡಿಸಿದರು. ಬಹುಪಾಲು ಮಕ್ಕಳು ಹದಿಹರೆಯದಲ್ಲೂ ಆಟ ಬಿಡಲಿಲ್ಲ, ಕೆಲವರು ವೃತ್ತಿಪರರಾದರು, ಒಬ್ಬ ಜಗತ್ಪ್ರಸಿದ್ಧನಾದ. ಹಾಲಂಡ್ ಚಿಕ್ಕಂದಿನಲ್ಲಿ ಸಣ್ಣ ಮೈಯ ಹುಡುಗನೇ ಆಗಿದ್ದ, ಅವನ ಎತ್ತರ ಬಂದದ್ದು ಆಮೇಲೆ.

ಐಸ್‌ಲ್ಯಾಂಡಿನ ಜನಸಂಖ್ಯೆ ನಾಲ್ಕು ಲಕ್ಷವೂ ಇಲ್ಲ. ಅಲ್ಲಿ 2000ದಿಂದೀಚೆಗೆ ಚಳಿಗಾಲದಲ್ಲೂ ಆಡಬಲ್ಲ ಮುಚ್ಚಿದ ಮೈದಾನಗಳನ್ನು ಕಟ್ಟಿದರು, ಪುಟ್ಟ ಮಕ್ಕಳಿಗೂ ಅರ್ಹತೆ ಪಡೆದ ಕೋಚ್ ಸಿಗುವಂತೆ ಮಾಡಿದರು. 2016ರ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಅವರು ಇಂಗ್ಲೆಂಡನ್ನು ಸೋಲಿಸಿ ಕ್ವಾರ್ಟರ್‌ಫೈನಲ್ ತಲುಪಿದರು, 2018ರ ವಿಶ್ವಕಪ್ ಆಡಿದರು. ಆರಿಸುವುದಕ್ಕೆ ಖರ್ಚು ಮಾಡುವ ಬದಲು ಕಲಿಸುವುದಕ್ಕೆ ಖರ್ಚು ಮಾಡಿದ ದೇಶ ಅದು.

ಅಮೆರಿಕದ ಸಮಸ್ಯೆ ಬೇರೆ. ಅಲ್ಲಿ ಆಯ್ಕೆಯ ಮೊದಲ ಜರಡಿ ತಂದೆತಾಯಿಯ ಹಣ: ಕ್ಲಬ್ಬಿನ ಶುಲ್ಕ, ದೂರದ ಟೂರ್ನಿಗಳ ಪ್ರಯಾಣ ಭರಿಸಬಲ್ಲ ಮನೆಯ ಮಗು ಮಾತ್ರ ಸ್ಕೌಟ್‌ನ ಕಣ್ಣಿಗೆ ಬೀಳುತ್ತದೆ. ಫೆಡರೇಷನ್ 2007ರಲ್ಲಿ ಆರಂಭಿಸಿದ ಡೆವಲಪ್‌ಮೆಂಟ್ ಅಕಾಡೆಮಿ ಎಂಬ ಲೀಗು 2020ರಲ್ಲಿ ಮುಚ್ಚಿತು. ವಯೋಮಿತಿಯ ಗಡಿಯನ್ನು ಆ ದೇಶ 2010ರ ದಶಕದಲ್ಲಿ ಜನವರಿ 1ಕ್ಕೆ ಸರಿಸಿತ್ತು. ಅದರಿಂದ ಒಂದೇ ತರಗತಿಯ ಗೆಳೆಯರು ಬೇರೆ ಬೇರೆ ತಂಡಗಳಿಗೆ ಚದುರಿಹೋದರು. ಈಗ ಪ್ರಮುಖ ಯುವ ಸಂಸ್ಥೆಗಳು 2026-27ರಿಂದ ಶಾಲಾ ವರ್ಷಕ್ಕೆ ಹೊಂದುವ ಆಗಸ್ಟ್ 1ಕ್ಕೆ ಮರಳುವುದಾಗಿ ಪ್ರಕಟಿಸಿವೆ. ಗೆಳೆಯರು ಒಟ್ಟಿಗಿದ್ದರೆ ಮಕ್ಕಳು ಆಟ ಬಿಡುವುದು ಕಡಿಮೆ ಎಂಬ ಕಾರಣ ಒಪ್ಪತಕ್ಕದ್ದು. ಬೆಲ್ಜಿಯಂನ ಅನುಭವ ನೋಡಿದವರಿಗೆ, ಪಕ್ಷಪಾತ ಇದರಿಂದ ಹೋಗದೆ ಬೇರೆ ತಿಂಗಳಿಗೆ ದಾಟುತ್ತದೆಂಬುದೂ ಗೊತ್ತು.

ಹುಡುಗಿಯರು

ಮೇಲಿನ ಸಂಶೋಧನೆಯ ಬಹುಪಾಲು ಹುಡುಗರ ಮೇಲೆ ನಡೆದದ್ದು. ಹುಡುಗಿಯರಲ್ಲಿ ಜನ್ಮದಿನದ ಪಕ್ಷಪಾತ ಸಾಮಾನ್ಯವಾಗಿ ಕಡಿಮೆ. ಆಟಕ್ಕೆ ಬರುವವರೇ ಕಡಿಮೆಯಿದ್ದಲ್ಲಿ ಜರಡಿಗೆ ಕೆಲಸವಿರುವುದಿಲ್ಲ ಎಂಬುದು ಒಂದು ಕಾರಣ. ಹುಡುಗಿಯರ ಬೆಳವಣಿಗೆಯ ವೇಗ ಸುಮಾರು ಎರಡು ವರ್ಷ ಮೊದಲೇ ಏರುವುದರಿಂದ ಹುಡುಗರಿಗಾಗಿ ಬರೆದ ವೇಳಾಪಟ್ಟಿಯನ್ನು ಅವರಿಗೆ ಹಚ್ಚುವಂತಿಲ್ಲ. ಮೊಣಕಾಲಿನ ಎಸಿಎಲ್ ಎಂಬ ಕಟ್ಟುನಾರಿನ ಗಾಯದ ಅಪಾಯ ಅವರಿಗೆ ಹೆಚ್ಚು. ವೇಗವಾಗಿ ಬೆಳೆಯುವ ತಿಂಗಳುಗಳಲ್ಲಿ ತರಬೇತಿಯ ಹೊರೆ ಇಳಿಸುವುದು ಆಯ್ಕೆಯಷ್ಟೇ ಮುಖ್ಯ. ಹುಡುಗಿಯರ ಪಂದ್ಯಾವಳಿಗಳು ದೊಡ್ಡದಾಗುತ್ತಿರುವ ಈ ಹೊತ್ತಿನಲ್ಲೇ, ಹುಡುಗರ ಅಕಾಡೆಮಿಗಳ ತಪ್ಪುಗಳು ಇಲ್ಲಿಗೆ ನಕಲಾಗದಂತೆ ತಡೆಯಲು ಅವಕಾಶವಿದೆ.

ಭಾರತ

ಭಾರತದಲ್ಲಿ ಪ್ರತಿಭಾ ಆಯ್ಕೆ ಎಂದರೆ ಬಹುಮಟ್ಟಿಗೆ ಒಂದೆರಡು ದಿನದ ಟ್ರಯಲ್ಸ್. ನೂರಾರು ಹುಡುಗರು ಸಾಲಿನಲ್ಲಿ ನಿಂತು, ಪರಿಚಯವಿಲ್ಲದವರ ಜೊತೆ ಕೆಲವೇ ನಿಮಿಷ ಆಡಿ, ಆಯ್ಕೆಯಾಗುತ್ತಾರೆ ಅಥವಾ ಮನೆಗೆ ಹೋಗುತ್ತಾರೆ. ಅಷ್ಟು ಹೊತ್ತಿನಲ್ಲಿ ಕಣ್ಣಿಗೆ ಬೀಳುವುದು ಎತ್ತರ ಮತ್ತು ಓಟ. 1987ರಲ್ಲಿ ಜಮ್‌ಶೆಡ್‌ಪುರದಲ್ಲಿ ಆರಂಭವಾದ ಟಾಟಾ ಫುಟ್‌ಬಾಲ್ ಅಕಾಡೆಮಿ, ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರಗಳು, ಶಾಲೆಗಳ ಸುಬ್ರತೋ ಕಪ್ ಬಹುಕಾಲ ದೇಶದ ತಂಡಕ್ಕೆ ಆಟಗಾರರನ್ನು ಕೊಟ್ಟಿವೆ. ಈಚೆಗೆ ಇಂಡಿಯನ್ ಸೂಪರ್ ಲೀಗಿನ ಕ್ಲಬ್ಬುಗಳೂ ಸೇರಿಕೊಂಡಿವೆ. ಬೆಂಗಳೂರು ಎಫ್‌ಸಿ ತನ್ನ ವಸತಿ ಅಕಾಡೆಮಿಯನ್ನು ಬಳ್ಳಾರಿ ಸೀಮೆಯ ವಿಜಯನಗರದಲ್ಲಿ ಕಟ್ಟಿತು. ಅದಕ್ಕೆ ಬಹಳ ಮೊದಲೇ ಬೆಂಗಳೂರಿನ ಆಸ್ಟಿನ್ ಟೌನ್, ಗೌತಮಪುರದ ಗಲ್ಲಿಗಳು ಯಾವ ಟ್ರಯಲ್ಸೂ ಇಲ್ಲದೆ ಆಟಗಾರರನ್ನು ಬೆಳೆಸಿದ್ದವು. ಅಲ್ಲಿ ಯಾವ ವಯಸ್ಸಿನವನೂ ಯಾರ ಜೊತೆಗಾದರೂ ಆಡಬಹುದಿತ್ತು.

2017ರ ಕಿರಿಯರ ವಿಶ್ವಕಪ್‌ಗೆ ಭಾರತ ತಂಡ ಕಟ್ಟಿದ ರೀತಿಯಲ್ಲಿ ಈ ವಿಷಯದ ಎಲ್ಲ ಎಳೆಗಳೂ ಇವೆ. ವರ್ಷಗಟ್ಟಲೆ ದೇಶ ಸುತ್ತಿ ಹುಡುಗರನ್ನು ಆರಿಸಿ ಗೋವಾದಲ್ಲಿ ತರಬೇತಿ ಕೊಡುತ್ತಿದ್ದರು. ಕೋಚ್ ಬದಲಾಗಿ ಪೋರ್ಚುಗಲ್ಲಿನ ಲೂಯಿಸ್ ನಾರ್ಟನ್ ಡಿ ಮ್ಯಾಟೋಸ್ ಬಂದ ಮೇಲೆ ಪಂಜಾಬಿನ ಮಿನರ್ವಾ ಅಕಾಡೆಮಿಯ ಹುಡುಗರು ಅಭ್ಯಾಸ ಪಂದ್ಯವೊಂದರಲ್ಲಿ ಈ ಆಯ್ದ ತಂಡವನ್ನೇ ಸೋಲಿಸಿದರು. ಹೊಸ ಕೋಚ್ ಅವರಲ್ಲಿ ಕೆಲವರನ್ನು ತೆಗೆದುಕೊಂಡರು. ಅವರಲ್ಲೊಬ್ಬ, ಮಣಿಪುರದ ಜೀಕ್ಸನ್ ಸಿಂಗ್, 2017ರ ಅಕ್ಟೋಬರ್ 9ರಂದು ಕೊಲಂಬಿಯಾ ವಿರುದ್ಧ ತಲೆಯಿಂದ ಹೊಡೆದ ಚೆಂಡು ಫಿಫಾ ವಿಶ್ವಕಪ್‌ಗಳಲ್ಲಿ ಭಾರತದ ಮೊದಲ ಗೋಲು. ಆ ಕಾರ್ನರ್ ಕಿಕ್ ಒದ್ದವನು ಬೆಂಗಳೂರಿನ ಸಂಜೀವ್ ಸ್ಟಾಲಿನ್. 21 ಮಂದಿಯ ಆ ತಂಡದಲ್ಲಿ ಎಂಟು ಹುಡುಗರು ಮಣಿಪುರದವರು. ಮೂವತ್ತು ಲಕ್ಷದಷ್ಟು ಜನರ ಒಂದು ರಾಜ್ಯ ಅಷ್ಟು ಮಂದಿಯನ್ನು ಕೊಡಬಲ್ಲದೆಂದರೆ, ಉಳಿದ ರಾಜ್ಯಗಳಲ್ಲಿ ಮಕ್ಕಳಿಲ್ಲವೆಂದಲ್ಲ, ಮಕ್ಕಳು ದಿನವೂ ಆಡುವ ಊರಿನ ಕ್ಲಬ್ಬುಗಳಿಲ್ಲವೆಂದು ಅರ್ಥ.

ಇಲ್ಲಿನ ಇನ್ನೊಂದು ಗಂಟು ವಯಸ್ಸಿನ ದಾಖಲೆಯದು. ಕರ್ನಾಟಕದ ಹಳೆಯ ತಲೆಮಾರಿನ ಅಸಂಖ್ಯ ಜನರಿಗೆ ಜನ್ಮದಿನ ಜೂನ್ 1. ಶಾಲೆ ಶುರುವಾಗುವ ತಿಂಗಳಿಗೆ ಹೊಂದುವಂತೆ ಮೇಷ್ಟರು ಬರೆದುಕೊಂಡ ದಿನಾಂಕ ಅದು. ಈಗ ಜನನ ನೋಂದಣಿ ಎಷ್ಟೋ ಸುಧಾರಿಸಿದೆ. ಆದರೂ ವಯಸ್ಸು ಮುಚ್ಚಿಟ್ಟು ಕಿರಿಯರ ತಂಡದಲ್ಲಿ ಆಡಿಸುವ ವಂಚನೆ ನಿಂತಿಲ್ಲ, ಆದ್ದರಿಂದ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡುವ ಟಿಡಬ್ಲ್ಯು-3 ಪರೀಕ್ಷೆಯನ್ನು ಕ್ರೀಡಾ ಸಂಸ್ಥೆಗಳು ಬಳಸುತ್ತವೆ. ಫಿಫಾ 2009ರಿಂದ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಎಂಆರ್‌ಐ ತಂದಿತು. ಈ ಪರೀಕ್ಷೆಗಳು ಹೇಳುವುದು ಮೂಳೆ ಎಷ್ಟು ಬೆಳೆದಿದೆ ಎಂಬುದನ್ನು, ಹುಟ್ಟಿದ ದಿನವನ್ನಲ್ಲ. ನಿಜವಾಗಿಯೂ ಹದಿನೈದರವನಾಗಿದ್ದು ಬೇಗ ಬೆಳೆದ ಹುಡುಗ ವಂಚಕನೆನಿಸಿಕೊಳ್ಳಬಹುದು. ತಡವಾಗಿ ಬೆಳೆಯುವ ದೊಡ್ಡವನು ಪಾಸಾಗಬಹುದು. ಒಂದೇ ಎಕ್ಸ್‌ರೇಯಿಂದ ಮಗುವಿನ ಪ್ರಾಮಾಣಿಕತೆಯನ್ನು ತೀರ್ಮಾನಿಸುವುದು ಅನ್ಯಾಯ. ಅದೇ ಮಾಹಿತಿಯನ್ನು ಕೋಚ್‌ನ ಕೈಗೆ ಕೊಟ್ಟರೆ, ಯಾವ ಹುಡುಗ ಇನ್ನೂ ಬೆಳೆಯಬೇಕಿದೆ, ಯಾರಿಗಾಗಿ ಕಾಯಬೇಕು ಎಂಬುದು ತಿಳಿಯುತ್ತದೆ. ವಂಚನೆ ಹಿಡಿಯಲು ಮಾತ್ರ ಬಳಸುತ್ತಿರುವ ಸಾಧನವನ್ನು ಮಕ್ಕಳ ಪರವಾಗಿ ಬಳಸುವುದಕ್ಕೆ ಹೊಸ ಖರ್ಚೇನೂ ಬೇಕಿಲ್ಲ.

ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2018ರಲ್ಲಿ ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಗೋಲ್ಡನ್ ಬೇಬಿ ಲೀಗ್ ಆರಂಭಿಸಿತು. ಊರು, ಬಡಾವಣೆಗಳ ಮಟ್ಟದಲ್ಲಿ, ಸಣ್ಣ ಮೈದಾನದಲ್ಲಿ, ತಿಂಗಳುಗಟ್ಟಲೆ ಆಟ ನಡೆಸುವ ಈ ಯೋಜನೆಗೆ ಟ್ರಯಲ್ಸ್ ಬೇಕಿರಲಿಲ್ಲ, ಬಂದವರೆಲ್ಲ ಆಡುತ್ತಿದ್ದರು. 2023ರ ನವೆಂಬರಿನಲ್ಲಿ ಹೆಸರಾಂತ ಕೋಚ್ ಆರ್ಸೆನ್ ವೆಂಗರ್ ಬಂದು ಭುವನೇಶ್ವರದಲ್ಲಿ ಫಿಫಾ ಸಹಯೋಗದ ಪ್ರತಿಭಾ ಅಕಾಡೆಮಿಯನ್ನು ಉದ್ಘಾಟಿಸಿದರು. ಪತ್ರಿಕೆಗಳಲ್ಲಿ ಎರಡನೆಯದಕ್ಕೆ ದೊಡ್ಡ ಜಾಗ ಸಿಕ್ಕಿತು. ಕೆಲವೇ ಹುಡುಗರನ್ನು ಇಟ್ಟುಕೊಳ್ಳುವ ಒಂದು ಅಕಾಡೆಮಿಗೆ ಒಳ್ಳೆಯ ಆಟಗಾರರು ಬರಬೇಕಾದರೆ ಜಿಲ್ಲೆಜಿಲ್ಲೆಯಲ್ಲೂ ಬೇಬಿ ಲೀಗುಗಳು ವರ್ಷವಿಡೀ ನಡೆಯಬೇಕು, ಅಲ್ಲಿನ ಕೋಚ್‌ಗಳಿಗೆ ಸಂಬಳ ಸಿಗಬೇಕು, ಮಕ್ಕಳ ಎತ್ತರ ತೂಕಗಳನ್ನು ಮೂರು ತಿಂಗಳಿಗೊಮ್ಮೆ ಬರೆದಿಡುವ ಪುಸ್ತಕವಿರಬೇಕು. ಹನ್ನೆರಡರಲ್ಲಿ ಆಯ್ಕೆಯಾಗದ ಮಗು ಹದಿನೈದರಲ್ಲೂ ಹದಿನೇಳರಲ್ಲೂ ಮತ್ತೆ ಬಂದು ಆಡಿ ತೋರಿಸಲು ಅಲ್ಲಿ ಜಾಗವಿರಬೇಕು.